ಹೇರೋಹಳ್ಳಿಯ ಸೈಕಲ್ಲಿಗೆ ಒಂದು ಸೀಟು

ಕುರುಬರಹಳ್ಳಿ
೪ ಜೂನ್ ೨೦೨೪, ಮಂಗಳವಾರ

ವಚನಾ ಮೇಡಂ ಅವರಿಗೆ,

ಉಗ್ರಪ್ಪ ಕುಶನ್ ವರ್ಕ್ಸ್‌ನಿಂದ ಅಂಜಮ್ಮ ಬರೆಯುವುದು. ಬೋರ್ಡಿನಲ್ಲಿರುವ ಉಗ್ರಪ್ಪ ನನ್ನ ಯಜಮಾನರು. ಫೋನ್ ಮಾಡಿದವರೆಲ್ಲ "ಉಗ್ರಪ್ಪ ಇದಾರಾ?" ಅಂತ ಕೇಳುತ್ತಾರೆ. "ಇದಾರೆ, ಗೋಡೆ ಮೇಲೆ" ಎಂದು ಹೇಳಿ ಅಳತೆ ಕೇಳುತ್ತೇನೆ. ಅವರು ಹೋಗಿ ಹನ್ನೊಂದು ವರ್ಷ. ಅಲ್ಲಿಂದ ಈಚೆಗೆ ರೆಕ್ಸಿನ್ ಕತ್ತರಿಸುವುದು, ಹೊಲಿಯುವುದು, ಗಿರಾಕಿಗಳ ಜೊತೆ ಬಾಯಿ ಬಡಿದುಕೊಳ್ಳುವುದು, ಎಲ್ಲ ನಾನೇ.

ನಿನ್ನೆ ನೀವು ಫೋನಿನಲ್ಲಿ ಸೈಕಲ್ ಸೀಟು ಎಂದಿರಿ. "ಸ್ವಲ್ಪ ಅದು... ಅಡ್ಜಸ್ಟ್ ಆಗ್ತಾ ಇಲ್ಲ" ಎಂದಿರಿ. ಅಷ್ಟರಲ್ಲಿ ನಿಮ್ಮ ಹಿಂದೆ ಯಾರೋ ಗಂಡಸರು ಕೆಮ್ಮಿದರು, ನೀವು "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟಿರಿ. ನನ್ನ ಕಡೆಯೂ ಅದೇ ಕಥೆ. ಅಂಗಡಿಯ ಬೆಂಚಿನ ಮೇಲೆ ಯಾವಾಗಲೂ ಮೂರು ಜನ ಬೈಕಿನವರು, ಆರು ಕಿವಿ. ಆದ್ದರಿಂದ ಬರೆದು ಕಳಿಸಿ. ನಿಮ್ಮ ಬೀದಿಯ ನಾರಾಯಣಪ್ಪ ಮಂಗಳವಾರ, ಶುಕ್ರವಾರ ಇಲ್ಲಿನ ಹೋಟೆಲುಗಳಿಗೆ ಗೂಡ್ಸ್ ಆಟೋದಲ್ಲಿ ಬಾಳೆ ಎಲೆ ತರುತ್ತಾನೆ. ಅವನಿಗೆ ಓದುವುದಕ್ಕೆ ಕನ್ನಡಕ ಬೇಕು, ಕನ್ನಡಕ ಸದಾ ಮನೆಯಲ್ಲಿರುತ್ತದೆ. ಧೈರ್ಯವಾಗಿ ಬರೆಯಿರಿ.

ಅವನ ಕೈಲಿ ಒಂದು ಸೀಟು ಕಳಿಸಿದ್ದೇನೆ. ಹಾಕಿಕೊಂಡು ನೋಡಿ, ನಿಮ್ಮ ಹಳೆಯದನ್ನು ಇತ್ತ ಕಳಿಸಿ. ನನ್ನ ಹತ್ತಿರ ಒಂದು ಉದ್ದನೆಯ ಪುಸ್ತಕವಿದೆ. ಎಡಗಡೆ ಗಿರಾಕಿ ಹೇಳಿದ್ದು, ಬಲಗಡೆ ಸೀಟು ಬಿಚ್ಚಿದಾಗ ಕಂಡದ್ದು. "ತಾನಾಗೇ ಹರಿದುಹೋಯ್ತು" ಎಂದು ಎಡಗಡೆ ಇದ್ದರೆ ಬಲಗಡೆ "ಬೆಕ್ಕು" ಎಂದಿರುತ್ತದೆ. ಎರಡೂ ಕಡೆ ಒಂದೇ ಇರುವುದು ವರ್ಷಕ್ಕೆ ನಾಲ್ಕೈದು ಸಲ.

ನಿಮ್ಮದು ಎಡಗಡೆ ಖಾಲಿ ಇದೆ.

ಅಂಜಮ್ಮ


ಹೇರೋಹಳ್ಳಿ
೧೧ ಜೂನ್ ೨೦೨೪

ಅಂಜಮ್ಮನವರಿಗೆ ಶರಣು.

ಸೀಟು ತಲುಪಿತು. ಹಳೆಯದನ್ನು ನಾರಾಯಣಪ್ಪನವರ ಕೈಲಿ ಕೊಟ್ಟಿದ್ದೇನೆ.

ನಾನು ಸೈಕಲ್ ತುಳಿಯುವುದು ತೆಳ್ಳಗಾಗಲು ಅಲ್ಲ. ಮೇ ಇಪ್ಪತ್ತರಿಂದ ಕೆಂಗೇರಿ ಉಪನಗರದಾಚೆ ರಟ್ಟಿನ ಪೆಟ್ಟಿಗೆ ತಯಾರಿಸುವ ಒಂದು ಕಂಪನಿಯಲ್ಲಿ ಸ್ಟೋರ್ಸ್ ಕ್ಲರ್ಕ್ ಆಗಿದ್ದೇನೆ. ಬಿ.ಕಾಂ. ಮುಗಿಸಿ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಸಿಕ್ಕ ಮೊದಲ ಕೆಲಸ. ಆರು ತಿಂಗಳು ಪರೀಕ್ಷೆಯ ಅವಧಿ. ಗೇಟು ಎಂಟೂ ಮುಕ್ಕಾಲಿಗೆ. ಆ ಆರು ತಿಂಗಳಲ್ಲಿ ನಾಲ್ಕು ಸಲ ತಡವಾದರೆ ಹೆಸರು ತೆಗೆಯುತ್ತಾರೆ. ಬಸ್ಸಿನಲ್ಲಿ ಎರಡು ಕಡೆ ಇಳಿದು ಹತ್ತಬೇಕು. ಮೊದಲ ವಾರವೇ ಒಂದು ಸಲ ತಡವಾಯಿತು. ನಮ್ಮವರು ಬೈಕನ್ನು ಪೀಣ್ಯದ ಶಿಫ್ಟಿಗೆ ಒಯ್ಯುತ್ತಾರೆ. ಸೈಕಲ್ಲಿನಲ್ಲಾದರೆ ಉಲ್ಲಾಳದ ಮೇಲೆ ಮೂವತ್ತೈದು ನಿಮಿಷ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಹರಿಹರದ ಬೀದಿಗಳನ್ನೆಲ್ಲ ಸುತ್ತಿದವಳು ನಾನು. ಆಗ ಏನೂ ಆಗಿರಲಿಲ್ಲ.

ಅತ್ತೆಯವರು ದಿನಾ "ಬಸ್ಸು ಪುಕ್ಕಟೆ ಐತಿ, ಈಕಿಗೆ ಸೈಕಲ್ ಶೋಕಿ" ಅನ್ನುತ್ತಾರೆ. ನಾನು ನಕ್ಕು ಹೊರಡುತ್ತೇನೆ.

ನೀವು ಕೇಳಿದ ಎಡಗಡೆಗೆ: ಸೊಂಟ ನೋವು.

ವಚನಾ


ಕುರುಬರಹಳ್ಳಿ
೧೪ ಜೂನ್ ೨೦೨೪, ಶುಕ್ರವಾರ

ವಚನಾ ಮೇಡಂ,

ಸೊಂಟ ನೋವು ಎಂದು ಬರೆದುಕೊಂಡೆ. ಇದಕ್ಕೆ ಮದ್ದು ನನಗೆ ನಿದ್ದೆಯಲ್ಲೂ ಗೊತ್ತು. ಗುಂಡಿಯಲ್ಲಿ ಇಳಿದಾಗ ಪೆಟ್ಟು ಸೀಟಿನಿಂದ ನೇರ ಸೊಂಟಕ್ಕೆ ಹೋಗುತ್ತದೆ. ನಡುವೆ ಫೋಮ್ ಇದ್ದರೆ ಅಲ್ಲೇ ನಿಲ್ಲುತ್ತದೆ. ಮಾಗಡಿ ರಸ್ತೆಯ ಅರ್ಧ ಆಟೋಗಳು ನನ್ನ ಫೋಮಿನ ಮೇಲೆ ಓಡುತ್ತಿವೆ. ಬುಲೆಟ್ಟಿನ ಮೇಲೆ ಧರ್ಮಸ್ಥಳಕ್ಕೆ ಹೋಗಿ ಬಂದವರು ಇಳಿಯುವುದಕ್ಕೆ ಮನಸ್ಸಾಗಲಿಲ್ಲ ಎಂದಿದ್ದಾರೆ.

ನಿಮಗೆ ಎರಡು ಪದರ ಹಾಕಿದ್ದೇನೆ, ಮೇಲೊಂದು ಜೆಲ್ಲಿನ ತೆಳು ಹಾಳೆ. ಸೀಟಿನ ಮುಂದಿನ ಮೂತಿಯ ತುದಿಯವರೆಗೂ ದಪ್ಪವಾಗಿ ಎಳೆದು ಹೊಲಿದಿದ್ದೇನೆ, ಕಂಜೂಸಿ ಮಾಡಿಲ್ಲ. ತನ್ನ ಹರಿದ ಸೀಟು ಹೊತ್ತುಕೊಂಡು ಬಂದ ಬೈಕಿನವನೊಬ್ಬ ಇದನ್ನು ಒತ್ತಿ ನೋಡಿ "ಆಂಟಿ, ಇದು ಸೀಟಾ ದಿಂಬಾ?" ಎಂದ. "ನಿಂಗೆ ಗೊತ್ತಾಗಬೇಕಾದ್ದೇನೂ ಇಲ್ಲ, ನಿನ್ ಸೈಲೆನ್ಸರ್ ನೋಡ್ಕೋ" ಎಂದೆ.

ಇನ್ನು ಸೊಂಟದ ಮಾತು ನಿಮ್ಮ ಬಾಯಲ್ಲಿ ಬರಬಾರದು.

ಅಂಜಮ್ಮ


ಹೇರೋಹಳ್ಳಿ
೨೧ ಜೂನ್ ೨೦೨೪

ಅಂಜಮ್ಮನವರಿಗೆ ಶರಣು.

ಸೀಟು ಚೆನ್ನಾಗಿದೆ. ತುಂಬಾ ಮೆತ್ತಗಿದೆ. ನಿಮಗೆ ತೊಂದರೆ ಕೊಟ್ಟೆ.

ವಚನಾ


ಕುರುಬರಹಳ್ಳಿ
೯ ಜುಲೈ ೨೦೨೪, ಮಂಗಳವಾರ

ವಚನಾ ಮೇಡಂ,

ನಿಮ್ಮ ಹಿಂದಿನ ಪತ್ರ ಮೂರು ಸಾಲು. ನನಗೆ ಅದರಲ್ಲಿ ಎರಡು ಸಾಲಿನ ಮೇಲೆ ಅನುಮಾನ.

ಇವತ್ತು ಬೆಳಿಗ್ಗೆ ನಾರಾಯಣಪ್ಪ ಎಲೆ ಇಳಿಸುತ್ತಾ ಹೇಳಿದ: "ಆ ಮೇಡಂ ಸೈಕಲ್ ತುಳಿಯಲ್ಲ ಕಣಕ್ಕ, ವಾಕಿಂಗ್ ಕರ್ಕೊಂಡ್ ಹೋಗ್ತಾರೆ. ಉಲ್ಲಾಳ ಕೆರೆ ಹತ್ರ ಎರಡು ಸಲ ನೋಡಿದೀನಿ, ತಳ್ಕೊಂಡು ಹೋಗ್ತಿದ್ರು." ಸೀಟು ಚೆನ್ನಾಗಿದೆ ಎಂದವರು ಅದರ ಪಕ್ಕದಲ್ಲಿ ನಡೆದುಕೊಂಡು ಹೋಗುವುದಿಲ್ಲ.

ಬಾಯಿಂದ ಬರದಿದ್ದರೆ ಅಳತೆಯಿಂದ ಬರಲಿ. ಕೂತಾಗ ನಮ್ಮ ಭಾರ ಕೆಳಗಿನ ಎರಡು ಮೂಳೆಗಳ ಮೇಲೆ ಬರುತ್ತದೆ. ಹೆಂಗಸರಿಗೆ ಆ ಮೂಳೆಗಳು ಅಗಲಕ್ಕಿರುತ್ತವೆ, ಸೀಟು ಮಾಡುವವರು ಗಂಡಸರನ್ನು ನೋಡಿಕೊಂಡು ಮಾಡುತ್ತಾರೆ. ಇದು ನನ್ನ ಮಗಳು ರಂಜಿನಿ ಫೋನಿನಲ್ಲಿ ಹುಡುಕಿ ಓದಿ ಹೇಳಿದ್ದು. ನಿಮ್ಮ ಕಂಪನಿಯಲ್ಲಿ ಏಣು ಏಣಾದ ರಟ್ಟು ಸಿಗುತ್ತದಲ್ಲ, ಒಂದು ತುಂಡು ತನ್ನಿ. ಗಟ್ಟಿ ಮೆಟ್ಟಿಲ ಮೇಲಿಟ್ಟು, ಅದರ ಮೇಲೆ ಮೊಣಕಾಲೆತ್ತಿ ಕೂತು ನೂರು ಎಣಿಸಿ. ಎದ್ದರೆ ಎರಡು ಗುಳಿ ಬಿದ್ದಿರುತ್ತವೆ. ರಟ್ಟನ್ನು ಹಾಗೇ ಕಳಿಸಿ, ಗುಳಿಯಿಂದ ಗುಳಿಗೆ ನಾನು ಅಳೆಯುತ್ತೇನೆ.

ಇನ್ನು ಎಷ್ಟು ಸಲ ತಡವಾಯಿತು ಎಂಬುದನ್ನೂ ಬರೆಯಿರಿ. ಚೆನ್ನಾಗಿದೆ ಎಂದು ಬರೆಯಬೇಡಿ.

ಅಂಜಮ್ಮ


ಹೇರೋಹಳ್ಳಿ
೧೨ ಜುಲೈ ೨೦೨೪

ಅಂಜಮ್ಮನವರಿಗೆ ಶರಣು.

ಎರಡು ಸಲ. ಎರಡನೆಯದು ಹೋದ ವಾರ, ನಾಲ್ಕು ನಿಮಿಷಕ್ಕೆ.

ನೀವು ಅಷ್ಟು ಆಸ್ಥೆಯಿಂದ ಹೊಲಿದು ಕಳಿಸಿದ್ದಿರಿ, ಹೇಗೆ ಹೇಳುವುದು ಎಂದು ಸುಮ್ಮನಾದೆ. ಡಾಕ್ಟರ್ ಹತ್ತಿರವೂ ಹೋಗಿದ್ದೆ. ಸೊಂಟಕ್ಕೆ ಬೆಲ್ಟು ಕೊಟ್ಟಿದ್ದಾರೆ, ಕಟ್ಟಿಕೊಂಡು ಹೋಗುತ್ತಿದ್ದೇನೆ. ಬೆಲ್ಟಿನಿಂದ ಉಸಿರು ಕಟ್ಟುತ್ತದೆ, ಅಷ್ಟು ಬಿಟ್ಟರೆ ವ್ಯತ್ಯಾಸವಿಲ್ಲ.

ರಟ್ಟಿನ ಮೇಲೆ ಅಡುಗೆಮನೆ ಬಾಗಿಲು ಹಾಕಿಕೊಂಡು ಕೂತೆ. ಅರವತ್ತಕ್ಕೆ ಬರುವಷ್ಟರಲ್ಲಿ ಅತ್ತೆಯವರು "ಒಳಗ ಏನು ಎಣಸ್ತೀ?" ಎಂದು ಕೇಳಿದರು. ಸಾಸಿವೆ ಎಂದೆ. ನೂರು ಮುಗಿಸಿಯೇ ಎದ್ದೆ.

ರಟ್ಟು ಜೊತೆಗಿದೆ.

ವಚನಾ


ಕುರುಬರಹಳ್ಳಿ
೧೯ ಜುಲೈ ೨೦೨೪, ಶುಕ್ರವಾರ

ವಚನಾ ಮೇಡಂ,

ಗುಳಿಗಳು ಚೆನ್ನಾಗಿ ಬಿದ್ದಿವೆ. ಎಂಟೂವರೆ ಸೆಂಟಿಮೀಟರ್. ನೀವು ಇಷ್ಟು ಸಣ್ಣಗಿದ್ದೀರಿ ಎಂದು ಫೋನಿನ ದನಿಯಲ್ಲಿ ಅನಿಸಿರಲಿಲ್ಲ. ರಂಜಿನಿ "ಅಮ್ಮ, ಹೆಂಗಸರಿಗೆ ಇದು ಬಾಳ ಕಮ್ಮಿ ಕಣಮ್ಮ" ಎಂದಳು. ಗಿರಾಕಿಯ ಅಳತೆಯನ್ನು ಪ್ರಶ್ನಿಸಬಾರದು ಎಂದು ಅವಳಿಗೆ ಬೈದೆ.

ಹಿಂಭಾಗ ಕಿರಿದು ಮಾಡಿ ಹೊಸದೊಂದನ್ನು ಕಳಿಸಿದ್ದೇನೆ. ಇದು ಅಳತೆಗೆ ಹೊಲಿದದ್ದು. ಇದರಲ್ಲಿ ತಪ್ಪಾಗುವುದಕ್ಕೆ ದಾರಿಯೇ ಇಲ್ಲ.

ಅಂಜಮ್ಮ


ಹೇರೋಹಳ್ಳಿ
೨೩ ಜುಲೈ ೨೦೨೪

ಅಂಜಮ್ಮನವರಿಗೆ,

ದಾರಿ ಇತ್ತು. ಈ ಬೆಳಿಗ್ಗೆ ನಾರಾಯಣಪ್ಪನವರನ್ನೇ ಕೇಳಿದೆ. ಅವರು ಸಂಕೋಚವಿಲ್ಲದೆ ಹೇಳಿದ್ದು ಹೀಗೆ: "ಮಳೇಲಿ ನನ್ ಸೀಟು ನೆನೆದೋಗಿತ್ತು ಮೇಡಂ. ನಿಮ್ ರಟ್ಟು ಒಣಗಿತ್ತಲ್ಲ, ಹಾಕ್ಕೊಂಡು ಕೂತೆ. ಕುರುಬರಹಳ್ಳಿ ತನಕ ಏನ್ ಸುಖ ಅಂತೀರಾ."

ಅಂದರೆ ನೀವು ಹೊಲಿದು ಕಳಿಸಿರುವುದು ನಾರಾಯಣಪ್ಪನವರ ಅಳತೆಯ ಸೀಟು. ಅದರ ಮೇಲೆ ಎರಡು ದಿನ ಹೋದೆ. ನಿನ್ನೆ ಮೂರನೇ ಸಲ ತಡವಾಯಿತು. ಸೆಕ್ಯೂರಿಟಿ ಹನುಮಂತಯ್ಯ ಪುಸ್ತಕ ನನ್ನ ಕಡೆ ತಿರುಗಿಸಿ, "ನೀವೇ ಬರೀರಮ್ಮ, ನನ್ ಕೈಯಲ್ಲಿ ಆಗಲ್ಲ" ಎಂದರು. ನಾನೇ ಬರೆದೆ.

ಇನ್ನೊಂದೇ ಉಳಿದಿದೆ, ನವೆಂಬರಿಗೆ ಇನ್ನೂ ನಾಲ್ಕು ತಿಂಗಳಿದೆ. ನಾಳೆಯಿಂದ ಬಸ್ಸು, ಐದೂವರೆಗೆ ಎದ್ದು. ಮಗಳ ಡಬ್ಬಿ ಅತ್ತೆಯವರು ಕಟ್ಟುತ್ತಾರಂತೆ. "ಮೊದಲ ಹೇಳಿದ್ದೆ" ಎಂದೂ ಹೇಳಿದರು. ನಿಮ್ಮ ಮೂರೂ ಸೀಟುಗಳನ್ನು ವಾಪಸ್ ಕಳಿಸಿದ್ದೇನೆ. ಇನ್ನು ಬೇಡ.

ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಸೊಂಟ ನನ್ನದು, ನಿಮ್ಮ ತಪ್ಪೇನೂ ಇಲ್ಲ.

ವಚನಾ


ಕುರುಬರಹಳ್ಳಿ
೩೦ ಜುಲೈ ೨೦೨೪, ಮಂಗಳವಾರ

ವಚನಾ,

ಮೇಡಂ ಬಿಟ್ಟಿದ್ದೇನೆ. ಈ ಪತ್ರ ಓದಿದ ಮೇಲೆ ಯಾಕೆ ಎಂದು ಗೊತ್ತಾಗುತ್ತದೆ. ಒಬ್ಬಳೇ ಇದ್ದಾಗ ಓದು.

ಮೊದಲು ನನ್ನ ತಪ್ಪು. ಯಜಮಾನರ ಜೊತೆ ಕೂತು ಹೊಲಿದದ್ದೂ ಸೇರಿ ಇಪ್ಪತ್ತೇಳು ವರ್ಷದಲ್ಲಿ ಸಾವಿರಾರು ಸೀಟು ಹೊಲಿದವಳು ನಾನು. ಒಂದು ದಿನವೂ ಸೈಕಲ್ ಹತ್ತಿದವಳಲ್ಲ. ನಾವು ಚಿಕ್ಕವರಿದ್ದಾಗ ಸೈಕಲ್ ಅಣ್ಣನದು, ನಾನು ಟ್ಯೂಬಿಗೆ ಗಾಳಿ ಹೊಡೆಯುವವಳು. ಇದನ್ನು ನಿನಗೆ ಹೇಳಲಿಲ್ಲ. ಬುಲೆಟ್ಟು, ಧರ್ಮಸ್ಥಳ ಎಂದೆಲ್ಲ ಬರೆದೆ.

ನಿನ್ನ ಪತ್ರ ಬಂದ ದಿನ ನೀನು ವಾಪಸ್ ಕಳಿಸಿದ ಸೀಟುಗಳನ್ನೆಲ್ಲ ಸಾಲಾಗಿ ಇಟ್ಟೆ. ನಿನ್ನ ಹಳೆಯದು, ನನ್ನ ಮೂರು. ಹಿಂಭಾಗದಲ್ಲಿ ಸವಕಳಿಯೇ ಇಲ್ಲ, ಅಂಗಡಿಯಿಂದ ಹೋದ ಹಾಗೇ ಇದೆ. ಮೂತಿಯ ಅಂಚಿನಲ್ಲಿ ಮಾತ್ರ ರೆಕ್ಸಿನ್ ಮಿರಮಿರ ಹೊಳೆಯುತ್ತಿದೆ. ಸೊಂಟ ನೋಯುವವರ ಸೀಟು ಮೂತಿಯಲ್ಲಿ ಯಾಕೆ ಸವೆಯಬೇಕು? ತಲೆಗೆ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಸೈಕಲ್ ಅಂಗಡಿ ಕೃಷ್ಣಯ್ಯನ ಹತ್ತಿರ ಒಂದು ಲೇಡೀಸ್ ಸೈಕಲ್ ತೆಗೆದುಕೊಂಡು, ನಿನ್ನ ದಿಂಬಿನ ಸೀಟನ್ನೇ ಅದಕ್ಕೆ ಹಾಕಿಸಿ, ಶಾಲೆ ಮೈದಾನಕ್ಕೆ ಹೋದೆ. ರಂಜಿನಿಯ ಚೂಡಿದಾರ್ ಹಾಕಿಕೊಂಡಿದ್ದೆ. ಅವಳು ಹಿಂದೆ ಹಿಡಿದುಕೊಂಡು ಓಡಿದಳು. "ಬಿಡ್ಬೇಡ್ವೇ" ಎಂದರೆ "ಬಿಟ್ಟು ಆಗ್ಲೇ ಒಂದು ಸುತ್ತಾಯ್ತು, ಸುಮ್ನೆ ತುಳಿಯಮ್ಮ" ಎಂದು ದೂರದಿಂದ ಕೂಗಿದಳು. ವಾಕಿಂಗ್ ಬಂದ ಗಂಡಸರು ಅವತ್ತು ಮೂರು ಸುತ್ತು ಹೆಚ್ಚಿಗೆ ಹಾಕಿದರು. ಹಾಕಲಿ, ಆರೋಗ್ಯಕ್ಕೆ ಒಳ್ಳೆಯದು.

ಹತ್ತು ನಿಮಿಷ ಸಾಕಾಯಿತು. ನಿನಗೆ ನೋಯುವುದು ಸೊಂಟ ಅಲ್ಲ.

ಮುಂದೆ. ಮೂತ್ರ ಹೋಗುವ ಜಾಗದಲ್ಲಿ. ಮೊದಲು ಒತ್ತುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ, ಇಳಿದ ಮೇಲೆ ಉರಿಯುತ್ತದೆ. ನಾನು ಎರಡು ಪದರ ಹಾಕಿದೆನಲ್ಲ, ಮೂಳೆ ಅದರಲ್ಲಿ ಹೂತುಹೋಗುತ್ತದೆ, ನಡುವಿನ ಫೋಮ್ ಉಬ್ಬಿ ಅಲ್ಲಿಗೇ ಬಂದು ಒತ್ತುತ್ತದೆ. ಮೂತಿಯವರೆಗೂ ಕಂಜೂಸಿ ಮಾಡಿಲ್ಲ ಎಂದು ಬೇರೆ ಬರೆದಿದ್ದೆ. ಮೆತ್ತಗೆ ಮಾಡಿದಷ್ಟೂ ನಿನ್ನನ್ನು ಕೊಂದಿದ್ದೇನೆ.

ನಿನಗೂ ಬೈಯಬೇಕು. ಆದರೆ ಬೈಯುವುದಕ್ಕೆ ನನಗೆ ಬಾಯಿಲ್ಲ. ರಂಜಿನಿ ಹುಟ್ಟಿದ ಮೇಲೆ ಎರಡು ವರ್ಷ ನಾನು ಅನುಭವಿಸಿದ್ದನ್ನೂ ನಮ್ಮತ್ತೆಗೆ, ನರ್ಸಮ್ಮನಿಗೆ, ಉಗ್ರಪ್ಪನಿಗೆ ಸೊಂಟ ನೋವು ಎಂದೇ ಹೇಳಿದ್ದೆ. ಅವರು ಎಣ್ಣೆ ತಿಕ್ಕಿದರು, ಪಾಪ. ನಮಗೆ ಕತ್ತಿನ ಕೆಳಗೆ, ಮಂಡಿಯ ಮೇಲೆ ಎಲ್ಲಿ ನೊಂದರೂ ಅದರ ಹೆಸರು ಸೊಂಟ.

ಇನ್ನೊಂದು ರಟ್ಟು ಕಳಿಸು. ಈ ಸಲ ನ್ಯೂಸ್ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ದಪ್ಪಕ್ಷರದಲ್ಲಿ "ದೇವರ ಪಟ" ಎಂದು ಬರೆ. ಕನ್ನಡಕ ಇಲ್ಲದಿದ್ದರೂ ಕಾಣುವಷ್ಟು ದಪ್ಪ. ಅದರ ಮೇಲೆ ಅವನು ಕೂರುವುದಿಲ್ಲ.

ಅಂಜಮ್ಮ


ಹೇರೋಹಳ್ಳಿ
೨ ಆಗಸ್ಟ್ ೨೦೨೪

ಅಂಜಮ್ಮ,

ನಿಮ್ಮ ಪತ್ರವನ್ನು ಬಚ್ಚಲುಮನೆಯಲ್ಲಿ ನಿಂತು ಓದಿದೆ. ಎರಡನೇ ಸಲ ಓದುವಾಗ ನಗು ಬಂತು, ಆಮೇಲೆ ಸ್ವಲ್ಪ ಅಳುವೂ ಬಂತು, ಆಮೇಲೆ ಅತ್ತೆಯವರು ಬಾಗಿಲು ಬಡಿದರು.

ಹೌದು. ಅಲ್ಲೇ. ಜೂನ್‌ನಿಂದಲೂ ಅಲ್ಲೇ. ಬಚ್ಚಲಿಗೆ ಹೋದಾಗ ಉರಿಯುತ್ತಿತ್ತು, ಸಂಜೆ ಕೂರಲು ಆಗುತ್ತಿರಲಿಲ್ಲ. ಡಾಕ್ಟರ್ ಹೆಂಗಸೇ. ಆದರೂ "ಎಲ್ಲಿ ನೋವು?" ಎಂದಾಗ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅವರು ಏನು ಮಾಡಿಯಾರು, ಬೆಲ್ಟು ಕೊಟ್ಟರು. ನಿನ್ನೆ ಮತ್ತೆ ಹೋಗಿ ಸರಿಯಾಗಿ ಹೇಳಿದೆ. ಹಚ್ಚಿಕೊಳ್ಳಲು ಮುಲಾಮು ಬರೆದರು, ಬೆಲ್ಟು ಬಿಚ್ಚಿಸಿದರು.

ನಮ್ಮವರಿಗೂ ಹೇಳಿದೆ. ಸಿದ್ದಲಿಂಗೇಶ್, "ಮತ್ತೆ ನಾನು ಸೊಂಟಕ್ಕೆ ಮೂವ್ ಹಚ್ಚಿದ್ದೆಲ್ಲ ದಂಡವಾ?" ಎಂದರು.

ರಟ್ಟು ಕಟ್ಟಿ, ನೀವು ಹೇಳಿದ ಹಾಗೆ ಬರೆದೆ. ದೇವರ ಹೆಸರಿನಲ್ಲಿ ಸುಳ್ಳು ಬರೆಯುವ ಮೊದಲು ಕೈ ತೊಳೆದುಕೊಂಡೆ. ಮುಂದಿನದನ್ನು ನಾನು ತಡೆಯಲು ಆಗಲಿಲ್ಲ. ನಾರಾಯಣಪ್ಪನವರು ಓದಿದವರೇ ಚಪ್ಪಲಿ ಬಿಟ್ಟು, ಎರಡು ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡರು. "ಯಾವ ದೇವ್ರಮ್ಮ?" ಎಂದರು. ಗೊತ್ತಿಲ್ಲ, ಅಂಜಮ್ಮನವರಿಗೇ ಗೊತ್ತು ಎಂದೆ. ನನ್ನನ್ನು ಆ ಶಿವನೇ ಕ್ಷಮಿಸಬೇಕು.

ಬಸ್ಸಿನಲ್ಲಿ ಈ ವಾರ ಎರಡು ದಿನ ಗೇಟು ಮುಚ್ಚುವ ಹೊತ್ತಿಗೆ ತಲುಪಿದ್ದೇನೆ. ಓಡಿ.

ವಚನಾ


ಕುರುಬರಹಳ್ಳಿ
೯ ಆಗಸ್ಟ್ ೨೦೨೪, ಶುಕ್ರವಾರ

ವಚನಾ,

ಹದಿಮೂರು ಸೆಂಟಿಮೀಟರ್. ಈಗ ನಿನ್ನ ದನಿಗೂ ಅಳತೆಗೂ ಹೊಂದಿತು.

ಸೀಟು ನೋಡಿ ಹೆದರಬೇಡ, ಗಟ್ಟಿ ಇದೆ. ಹಿಂಭಾಗ ಅಗಲ, ಎರಡು ಮೂಳೆಗೂ ಸರಿಯಾಗಿ ಜಾಗ. ನಡುವೆ ಉದ್ದಕ್ಕೆ ಕೊರೆದು ಖಾಲಿ ಬಿಟ್ಟಿದ್ದೇನೆ, ಅಲ್ಲಿ ಏನೂ ಒತ್ತುವುದಿಲ್ಲ. ಮೂತಿ ಎರಡು ಬೆರಳು ಗಿಡ್ಡ. ಹೊಲಿಗೆ ಒಂದೂ ಮೇಲೆ ಬಂದಿಲ್ಲ. ಹಾಕಿಸುವಾಗ ಮೂತಿ ಒಂದು ಕೂದಲೆಳೆಯಷ್ಟು ಕೆಳಗೆ ಬಾಗಿರಲಿ. ಜಾಸ್ತಿ ಬಾಗಿಸಿದರೆ ಜಾರಿ ಕೈ ನೋಯುತ್ತದೆ, ನೀನು ಅದಕ್ಕೂ ಸೊಂಟ ಅಂತೀಯ.

ಇದರ ಮೇಲೆ ನಾನು ಮೈದಾನದಲ್ಲಿ ಹನ್ನೆರಡು ಸುತ್ತು ಹಾಕಿದ್ದೇನೆ. ಮೊದಲು ಭಾನುವಾರ ಮನೆಯ ಸುತ್ತಮುತ್ತ ಓಡಿಸಿ ನೋಡು, ಸೋಮವಾರ ಗೇಟಿಗೆ ಹೋಗು. ಹೇಗಾಯಿತು ಎಂದು ಬರೆಯುವುದಕ್ಕೆ ತಡಮಾಡಬೇಡ.

ನಾರಾಯಣಪ್ಪ ಪಟ ಎಲ್ಲಿ ಎಂದು ಕೇಳಿದ. ಒಳಗೆ ಇಟ್ಟಿದ್ದೇನೆ, ಪೂಜೆ ಆಗಬೇಕು ಎಂದೆ. ಮುಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬಕ್ಕೆ ಪುಕ್ಕಟೆ ಎರಡು ಬಾಳೆ ಎಲೆ ಕೊಟ್ಟು ಹೋಗುತ್ತಾನಂತೆ. ಆಗಲಿ, ಪಟಕ್ಕೊಂದು, ನನಗೊಂದು ಎಂದೆ.

ಅಂಜಮ್ಮ


ಕುರುಬರಹಳ್ಳಿ
೨೪ ಸೆಪ್ಟೆಂಬರ್ ೨೦೨೪, ಮಂಗಳವಾರ

ವಚನಾ,

ಆರೂವರೆ ವಾರವಾಯಿತು. ಪತ್ರವಿಲ್ಲ, ಸೀಟೂ ವಾಪಸ್ ಬಂದಿಲ್ಲ. ನಾರಾಯಣಪ್ಪನನ್ನು ಕೇಳಿದರೆ "ಚೆನ್ನಾಗಿದಾರಕ್ಕ" ಎನ್ನುತ್ತಾನೆ. ಚೆನ್ನಾಗಿದೆ ಎಂಬ ಮಾತನ್ನು ನಾನು ಜೂನ್‌ನಲ್ಲೇ ಒಂದು ಸಲ ನಂಬಿ ಕೆಟ್ಟಿದ್ದೇನೆ.

ಸೀಟು ಹರಿದಿದ್ದರೆ ಕಳಿಸು. ಕೆಲಸ ಹೋಗಿದ್ದರೆ ಅದನ್ನೂ ಬರೆ. ಪುಸ್ತಕದಲ್ಲಿ ನಿನ್ನ ಎಡಗಡೆಯ "ಸೊಂಟ ನೋವು" ಹೊಡೆದುಹಾಕಿದ್ದೇನೆ. ಬಲಗಡೆ ಏನು ಬರೆಯಲಿ ಎಂದು ಪೆನ್ನು ಹಿಡಿದು ಕೂತಿದ್ದೇನೆ.

ಅಂಜಮ್ಮ


ಹೇರೋಹಳ್ಳಿ
೨೬ ನವೆಂಬರ್ ೨೦೨೪

ಅಂಜಮ್ಮ,

ನಿಮಗೆ ಉತ್ತರ ಬರೆಯದೆ ಎರಡು ತಿಂಗಳು ಕಳೆದಿದ್ದೇನೆ. ಬೈಯಿರಿ. ಕಾರಣ ಮಾತ್ರ ಕೇಳಿ.

ಆಗಸ್ಟ್ ಹನ್ನೆರಡು ಸೋಮವಾರ ಹೊಸ ಸೀಟಿನಲ್ಲಿ ಹೊರಟೆ. ಮೂಳೆ ಎರಡು ದಿನ ಸ್ವಲ್ಪ ನೊಂದಿತು, ಅದು ಹೊಸ ನೋವು, ಪಳಗಿತು. ಮೂರನೇ ದಿನ ಉಲ್ಲಾಳ ಕೆರೆ ದಾಟುವಾಗ ಅತ್ತೆಯವರ ಕಣ್ಣಿನ ಆಪರೇಷನ್ನು, ಮಗಳ ಯೂನಿಫಾರ್ಮು, ಹುರುಳಿಕಾಳು ನೆನೆಹಾಕಿದೆನೋ ಇಲ್ಲವೋ ಎಂದೆಲ್ಲ ಯೋಚಿಸುತ್ತಾ ಹೋದೆ. ಗೇಟು ಬಂದಾಗಲೇ ಗೊತ್ತಾಗಿದ್ದು, ದಾರಿಯುದ್ದಕ್ಕೂ ಸೀಟಿನ ನೆನಪೇ ಬಂದಿರಲಿಲ್ಲ. ಅಲ್ಲಿಂದ ಈಚೆಗೆ ಬರಲೇ ಇಲ್ಲ. ನಿಮಗೆ ಬರೆಯಬೇಕೆಂದು ಕೂತರೆ ಹೇಳಲು ಏನೂ ಇರುತ್ತಿರಲಿಲ್ಲ. ಬಲಗಡೆ ಅದನ್ನೇ ಬರೆದುಕೊಳ್ಳಿ.

ತಡ ಮೂರಕ್ಕೇ ನಿಂತಿತು. ಹೋದ ಬುಧವಾರ ಆರು ತಿಂಗಳು ತುಂಬಿತು. ಕಾಯಂ ಮಾಡಿದ ಕಾಗದ ಕೈಗೆ ಬಂತು. ಹನುಮಂತಯ್ಯ ಪುಸ್ತಕ ತೆಗೆದು, ನನ್ನ ಹೆಸರಿನ ಮುಂದೆ ಖಾಲಿ ಇದ್ದ ನಾಲ್ಕನೇ ಮನೆಗೆ ಗೀಟು ಎಳೆದರು. ಅತ್ತೆಯವರು ಕಾಗದ ತಿರುಗಿಸಿ ನೋಡಿ, "ಸೈಕಲ್ಲಿಗೆ ಒಂದು ಲೈಟು ಹಾಕಿಸ್ಕೋ, ಸಂಜಿಗೆ ಕತ್ತಲಾಗ್ತದ" ಎಂದರು.

ಈ ಸಲ ಪತ್ರದ ಜೊತೆ ಸೀಟು ಇಲ್ಲ. ನಾರಾಯಣಪ್ಪನವರಿಗೆ ಅನುಮಾನ, "ಸೀಟೆಲ್ಲಮ್ಮ?" ಎಂದರು. ಸೈಕಲ್ ಮೇಲೆ ಎಂದೆ.

ಜೊತೆಗೆ ಒಂದು ಕಟ್ಟು ಇದೆ. ಪ್ಯಾಕಿಂಗ್ ವಿಭಾಗದ ಶಶಿಕಲಾ ಕೆಂಗೇರಿ ಕೋಟೆಯಿಂದ ಹೋದ ತಿಂಗಳಿಂದ ಸೈಕಲ್ಲಿನಲ್ಲಿ ಬರುತ್ತಿದ್ದಾಳೆ. ನಿನ್ನೆ ಊಟದ ಹೊತ್ತಿನಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದಳು. ಯಾಕೆ ಎಂದರೆ "ಸೊಂಟ ನೋವು ಕಣ್ರೀ" ಎಂದಳು. ಅವಳನ್ನು ಗೋಡೌನಿನ ಹಿಂದೆ ಕರೆದುಕೊಂಡು ಹೋಗಿ, "ಸರಿ. ಈಗ ಹೇಳಿ" ಎಂದೆ. ಐದು ನಿಮಿಷ ಚಪ್ಪಲಿ ನೋಡಿಕೊಂಡು ನಿಂತಿದ್ದು, ಆಮೇಲೆ ಹೇಳಿದಳು. ಅಲ್ಲೇ ಒಂದು ರಟ್ಟು ಹಾಕಿ ಕೂರಿಸಿ ನೂರು ಎಣಿಸಿದೆ.

ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ. ನಾರಾಯಣಪ್ಪನವರು ಆಗಲೇ ಚಪ್ಪಲಿ ಬಿಟ್ಟು ನಿಂತಿದ್ದಾರೆ.

ನಿಮ್ಮ
ವಚನಾ